ಪೂಜೆಗಿಟ್ಟ ಹದಿನಾಲ್ಕು ಫೋನು

ಸೆಪ್ಟೆಂಬರ್ 8, ಸೋಮವಾರ

ಬಸ್ಸು ಇವತ್ತೂ ತಡ. ಹಳೇಬೀಡಿನಲ್ಲಿ ಹತ್ತಿ ಅರಸೀಕೆರೆಯಲ್ಲಿ ಇಳಿದಾಗ ಹತ್ತಾಗಲು ಐದು ನಿಮಿಷ. ಅರುಣ್‌ಕುಮಾರ್ ಸರ್ ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. ನಮ್ಮ ಮ್ಯಾನೇಜರು ಬೈಯುವ ರೀತಿಯೇ ಅದು.

ಹೊಸ ಕೆಲಸ ತಲೆಗೆ ಬಿತ್ತು. ಹಾಸನದ ಹೆಡ್ ಆಫೀಸಿನಿಂದ ಮೇಲ್ ಬಂದಿದೆ: ಪ್ರತಿ ಶಾಖೆಯಲ್ಲೂ ಮೊಬೈಲ್ ಸುರಕ್ಷತೆಗೆ ಒಬ್ಬರು ಜವಾಬ್ದಾರರಿರಬೇಕು. ಶಾಖೆಯಲ್ಲಿ ಕುರ್ಚಿ ಹಾಕಿ ಕೂರುವವರೇ ಮೂರು ಜನ. ಸರ್‌ಗೆ ತಮ್ಮ ಪಾಸ್‌ವರ್ಡೇ ನೆನಪಿರುವುದಿಲ್ಲ. ಅಟೆಂಡರ್ ಕೃಷ್ಣಪ್ಪನವರದು ಬಟನ್ ಫೋನು. ಉಳಿದವಳು ನಾನು.

"ಮೇಘಶ್ರೀ, ನಿಮಗೆ ಇದೆಲ್ಲ ಬರುತ್ತಲ್ಲ" ಎಂದರು ಸರ್. ಬರುತ್ತದೆ ಎಂದು ಯಾವತ್ತು ಹೇಳಿದ್ದೆನೋ ಗೊತ್ತಿಲ್ಲ.

ನಮ್ಮದು ಹಸುಗಳಿಗೆ ವಿಮೆ ಮಾಡಿಸುವ ಸಂಸ್ಥೆ. ಊರೂರು ತಿರುಗುವ ಫೀಲ್ಡಿನವರು ಹದಿನಾಲ್ಕು ಜನ. ಒಬ್ಬೊಬ್ಬರಿಗೂ ಆಫೀಸಿನದೊಂದು ಫೋನು. ಅದರೊಳಗೆ ರೈತರ ಆಧಾರ್, ಪಾಸ್‌ಬುಕ್ಕು, ಹಸುವಿನ ಮೂತಿಯ ಫೋಟೊ. ಹಸುವಿನ ಮೂಗಿನ ಮೇಲಿನ ಗೆರೆ ನಮ್ಮ ಹೆಬ್ಬೆರಳಿನ ಗೆರೆಯ ಹಾಗೆಯೇ, ಒಂದರದ್ದು ಇನ್ನೊಂದಕ್ಕಿಲ್ಲ. ಆ ಫೋಟೊ ಇಲ್ಲದೆ ವಿಮೆ ಇಲ್ಲ.

ಇವತ್ತಿನಿಂದ ಆ ಹದಿನಾಲ್ಕು ಫೋನಿನ ಜುಟ್ಟೂ ನನ್ನ ಲ್ಯಾಪ್‌ಟಾಪಿನಲ್ಲಿ. ಇಲ್ಲಿಂದಲೇ ಲಾಕ್ ಮಾಡಬಹುದು, ಎಲ್ಲಿದೆ ನೋಡಬಹುದು, ಬೇಕಾದರೆ ಒಳಗಿರುವುದನ್ನೆಲ್ಲ ಒರೆಸಿಹಾಕಬಹುದು. ಒರೆಸುವುದಕ್ಕೆ ಕೆಂಪು ಬಟನ್. ನೋಡಿಯೇ ಒಂದು ತರಹ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರ್ 9, ಮಂಗಳವಾರ

ತಿಂಗಳ ಮೀಟಿಂಗ್. ಎಲ್ಲರೂ ಬಂದಿದ್ದರು. ಫೋನು ಮೇಜಿನ ಮೇಲಿಡಿ ಎಂದೆ. ಹದಿನಾಲ್ಕರಲ್ಲಿ ಲಾಕ್ ಇದ್ದದ್ದು ಎರಡಕ್ಕೆ. ಒಂದರ ನಂಬರು ಅದರ ಬೆನ್ನ ಮೇಲೇ ಪ್ಲಾಸ್ಟರ್ ಅಂಟಿಸಿ ಬರೆದಿತ್ತು. ಇನ್ನೊಂದು ಬೇಲೂರಿನ ಶಶಿಕಿರಣನದು, ನಂಬರು ಅವನಿಗೇ ಮರೆತುಹೋಗಿತ್ತು.

ಹಗರೆಯ ಅನುಸೂಯಮ್ಮನವರದೇ ಒಂದು ಕಥೆ. ಐವತ್ತೆರಡು ವರ್ಷ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹಸು ನೋಂದಾಯಿಸುವವರು. ಹೆಬ್ಬೆರಳು ಇಡಿಸಿದೆ, ಫೋನು ಒಪ್ಪಲಿಲ್ಲ. ಒರೆಸಿ ಇಡಿಸಿದೆ, ಒಪ್ಪಲಿಲ್ಲ. ಹತ್ತೂ ಬೆರಳು ಮುಗಿಯಿತು.

"ಮೂವತ್ತು ವರ್ಸ ಹಾಲು ಕರ್ದಿವ್ನಿ ಮೇಡಮ್ನೋರೆ, ಗೆರೆ ಎಲ್ಲಿ ಉಳಿತೈತೆ? ಹಸೀನ ಮೂತಿ ಗುರ್ತು ಹಿಡಿತೈತೆ, ನನ್ನ ಹೆಬ್ಬೆಟ್ಟು ಗುರ್ತು ಹಿಡಿಯಕಿಲ್ಲ. ಇನ್ಮೇಲೆ ಮೂತಿನೇ ಇಡ್ತೀನಿ ಬಿಡಿ."

ಸರ್ ಕೂಡ ನಕ್ಕರು. ಕೊನೆಗೆ ಆರು ಅಂಕಿಯ ನಂಬರು ಇಡಿಸಿದೆ. ಯಾರಿಗೂ ಹೇಳಕೂಡದು ಎಂದು ಮೂರು ಸಲ ಹೇಳಿದೆ. ತಲೆಯಾಡಿಸಿದರು. ನಂಬರು ಒತ್ತುವಾಗ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಹೇಳಿಕೊಂಡು ಒತ್ತಿದರು. ಇಡೀ ಮೀಟಿಂಗಿಗೆ ಗೊತ್ತಾಯಿತು. ಬೇರೆ ನಂಬರು ಇಡಿಸಿದೆ.

ಸೆಪ್ಟೆಂಬರ್ 10

ಅನುಸೂಯಮ್ಮನವರಿಗೆ ಫೋನ್ ಮಾಡಿ ಕೇಳಿದೆ, ನಂಬರು ನೆನಪಿದೆಯಾ ಎಂದು.

"ಮರೆತ್ರೂ ಭಯ ಇಲ್ಲ. ಸೊಸೆಗೊಂದು, ಡೈರಿ ಸೆಕ್ರೆಟರಿಗೊಂದು ಹೇಳಿಟ್ಟಿವ್ನಿ. ಪಕ್ಕದ ಮನೆ ಮುದ್ದಮ್ಮಂಗೂ ಹೇಳಿವ್ನಿ, ಅವಳು ಬೋ ನಂಬಿಕಸ್ಥೆ."

ಸೆಪ್ಟೆಂಬರ್ 12, ಶುಕ್ರವಾರ

ಲ್ಯಾಪ್‌ಟಾಪಿನಲ್ಲಿ ಪಟ್ಟಿ ನೋಡುತ್ತಿದ್ದೆ. ಫೋಟೊಗಳು ಎಲ್ಲೆಲ್ಲಿಂದ ನಮಗೆ ಬರುತ್ತಿವೆ ಎಂದು. ಟೀ ಅಂಗಡಿಯ ವೈಫೈ. ಬಸ್ಸಿನಲ್ಲಿ ಪಕ್ಕ ಕೂತವರ ಹಾಟ್‌ಸ್ಪಾಟ್. ಒಂದು ಮದುವೆ ಛತ್ರ. ರೈತರ ಆಧಾರ್ ಕಾರ್ಡು ಛತ್ರದ ವೈಫೈನಲ್ಲಿ ಸವಾರಿ ಮಾಡಿಕೊಂಡು ಬಂದಿದೆ.

ನಿಯಮ ಹಾಕಿದೆ: ಇನ್ನು ಮುಂದೆ ಫೋಟೊ ಕಳಿಸುವುದು ಅರಸೀಕೆರೆ ಆಫೀಸಿನ ವೈಫೈನಿಂದ ಮಾತ್ರ. ಬೇರೆ ಎಲ್ಲಿಂದಲೂ ಹೋಗುವುದೇ ಇಲ್ಲ.

ಹತ್ತಿರದವರು ವಾರಕ್ಕೊಮ್ಮೆಯಾದರೂ ಬಂದುಹೋಗುತ್ತಾರೆ, ಅವರಿಗೆ ಚಿಂತೆಯಿಲ್ಲ. ಅನುಸೂಯಮ್ಮ ಮಾತ್ರ ಹಗರೆಯಿಂದ ಎರಡು ಬಸ್ಸು ಹಿಡಿದು ತಿಂಗಳಿಗೊಮ್ಮೆ ಬರುವವರು. ಫೋನ್ ಮಾಡಿದರು. "ನಮ್ಮೂರಿಂದ ಕಳ್ಸಂಗೇ ಇಲ್ವಾ?" ಇಲ್ಲ ಎಂದೆ. "ಸರಿ ಬಿಡಿ, ಬಂದಾಗ್ಲೇ ಒಟ್ಟಿಗೆ ಕಳಿಸ್ತೀನಿ" ಎಂದರು. ಒಂದೂ ಎದುರು ಮಾತಿಲ್ಲ. ನಿಯಮ ಅಂದರೆ ಹೀಗೆ ಪಾಲಿಸಬೇಕು.

ಸೆಪ್ಟೆಂಬರ್ 19, ಶುಕ್ರವಾರ

ತಲೆ ಕೆಟ್ಟಿದೆ. ಶಶಿಕಿರಣನ ಫೋನು ಮೂರು ದಿನದಿಂದ ಇರಲಿಲ್ಲ. ಹೇಳೇ ಇಲ್ಲ. ನಾನು ಕರೆ ಮಾಡಿದಾಗಲೆಲ್ಲ ತನ್ನ ಸ್ವಂತ ಫೋನಿನಿಂದ ವಾಪಸ್ ಮಾಡಿ, "ಆಫೀಸ್ ಫೋನ್ ಚಾರ್ಜಿಗೆ ಹಾಕಿದ್ದೀನಿ ಮೇಡಂ" ಎನ್ನುತ್ತಿದ್ದ. ಮೂರು ದಿನ ಚಾರ್ಜಿಗೆ ಹಾಕಲು ಅದೇನು ಟ್ರ್ಯಾಕ್ಟರಾ? ಕೊನೆಗೆ ಬೇಲೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಕ್ಯಾಶ್ ಕೌಂಟರಿನ ಊದುಬತ್ತಿ ಡಬ್ಬದ ಹಿಂದೆ ಸಿಕ್ಕಿತಂತೆ.

"ಯಾಕೋ ಹೇಳಲಿಲ್ಲ?" ಎಂದರೆ, "ನೀವು ಬೈತೀರಲ್ಲ ಮೇಡಂ" ಎಂದ. ಬೈದೆ.

ಎರಡು ಹೊಸ ನಿಯಮ. ಒಂದು: ಫೋನು ಕಳೆದರೆ ಒಂದು ಗಂಟೆಯೊಳಗೆ ಹೇಳಬೇಕು, ಇಲ್ಲದಿದ್ದರೆ ಮೆಮೊ. ಇದನ್ನು ಎಲ್ಲರಿಗೂ ಕಳಿಸಿದೆ. ಎರಡನೆಯದು ಫೋನುಗಳಿಗೇ ಹೇಳಿದ್ದು. ವೈಫೈನಿಂದಲೋ ಸಿಮ್‌ನಿಂದಲೋ ನಮ್ಮ ಸರ್ವರ್ ಜೊತೆ ಏಳು ದಿನ ಮಾತಾಡದ ಫೋನು ತನ್ನನ್ನು ತಾನೇ ಪೂರ್ತಿ ಒರೆಸಿಕೊಳ್ಳುವ ವ್ಯವಸ್ಥೆ ಮೊದಲೇ ಇತ್ತು. ಏಳನ್ನು ಎರಡು ಮಾಡಿದೆ. ಇವರಿಗೆ ಏಳು ದಿನ ಕೊಟ್ಟರೆ ಫೋನು ಮಂಗಳೂರು ಮುಟ್ಟಿರುತ್ತದೆ.

ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಆಯುಧ ಪೂಜೆ ನಾಳೆಯಾದರೂ ಆಫೀಸಿನ ಪೂಜೆ ಇವತ್ತೇ. ನಾಳೆ, ನಾಡಿದ್ದು ರಜೆ. ಹದಿನಾಲ್ಕು ಜನವೂ ಬಂದಿದ್ದರು. ಅನುಸೂಯಮ್ಮ ಹಗರೆಯಿಂದ ಸೇವಂತಿಗೆ ಮಾರು ತಂದಿದ್ದರು. ಮೂರು ವಾರದಲ್ಲಿ 212 ಹಸುವಿನ ಫೋಟೊ ಹಿಡಿದಿದ್ದಾರೆ. ಹೆಡ್ ಆಫೀಸು ಅವರಿಗೆ ಕೊಟ್ಟ ಗುರಿಯೇ ಅದು, ಅಕ್ಟೋಬರ್ 31ರೊಳಗೆ. ಮುಟ್ಟಿದರೆ ಒಂದು ವರ್ಷ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ತಿಂಗಳು ಮೊದಲೇ ಮುಟ್ಟಿ ಕೂತಿದ್ದಾರೆ.

ಕಳಿಸೋಣ ಎಂದರೆ ಹನ್ನೊಂದಕ್ಕೆ ಕರೆಂಟ್ ಹೋಯಿತು. ವೈಫೈ ಇಲ್ಲ. ಯುಪಿಎಸ್ ಇರುವುದು ಸರ್ ರೂಮಿನ ಫ್ಯಾನಿಗೆ. "ಹಬ್ಬ ಮುಗಿಸ್ಕೊಂಡು ಶುಕ್ರವಾರ ಬತ್ತೀನಲ್ಲ, ಆಗ ಹಾಕನ ಬಿಡಿ" ಎಂದರು.

ಪೂಜೆಗೆ ಏನಿಡಬೇಕು ಎಂದು ಚರ್ಚೆ. ಲ್ಯಾಪ್‌ಟಾಪ್, ಸ್ಟೇಪ್ಲರ್, ಸರ್ ಅವರ ಸ್ಕೂಟರ್ ಕೀ. "ನಮ್ಮ ಆಯುಧ ಇದೇ ಅಲ್ವಾ" ಎಂದು ಅನುಸೂಯಮ್ಮ ತಮ್ಮ ಫೋನು ಆಫ್ ಮಾಡಿ ತಟ್ಟೆಯಲ್ಲಿಟ್ಟರು. ಮಂಗಳಾರತಿ ಹೊತ್ತಿಗೆ ಯಾವುದೂ ಹೊಡೆದುಕೊಳ್ಳಬಾರದು ಎಂದು ಉಳಿದವರೂ ಆಫ್ ಮಾಡಿಟ್ಟರು. ಹದಿನಾಲ್ಕಕ್ಕೂ ಗಂಧ, ಕುಂಕುಮ, ಒಂದೊಂದು ಹೂವು. ಅನುಸೂಯಮ್ಮನವರೇ ಹಚ್ಚಿದ್ದು.

ಪೂಜೆಗಿಟ್ಟ ಆಯುಧ ವಿಜಯದಶಮಿ ಮುಗಿಯುವವರೆಗೆ ಮುಟ್ಟಬಾರದು ಎಂದರು ಕೃಷ್ಣಪ್ಪನವರು. ಸರಿ, ಹೇಗೂ ಎರಡು ದಿನ ರಜೆ. ತಟ್ಟೆ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹದಿನಾಲ್ಕು ಫೋನೂ ಒಂದೇ ಕಡೆ, ಬೀಗದೊಳಗೆ, ಕಾವಲಿಗೆ ದೇವರು. ನಾನು ಕೆಲಸ ವಹಿಸಿಕೊಂಡ ಮೇಲೆ ಇಷ್ಟು ಭದ್ರವಾಗಿ ಯಾವತ್ತೂ ಇರಲಿಲ್ಲ.

ಅಕ್ಟೋಬರ್ 2

ಬಸ್ತಿಹಳ್ಳಿಯಲ್ಲಿ ಅತ್ತೆ ಮನೆಯಲ್ಲಿ ಊಟ. ಒಬ್ಬಟ್ಟು ಐದು. ಅಮ್ಮನಿಗೆ ಮೂರು ಎಂದು ಹೇಳಿದ್ದೇನೆ.

ಅಕ್ಟೋಬರ್ 3, ಶುಕ್ರವಾರ

ಬಸ್ಸು ತಡ. ಹೋಗುವಷ್ಟರಲ್ಲಿ ಕೃಷ್ಣಪ್ಪನವರು ಬೀರು ತೆಗೆದು ಅವರವರ ಫೋನು ಅವರವರಿಗೆ ಕೊಟ್ಟಾಗಿತ್ತು. ಎಲ್ಲರೂ ಆನ್ ಮಾಡಿಕೊಂಡು ಕೂತಿದ್ದಾರೆ. ಶಶಿಕಿರಣ ಹಲ್ಲು ಕಿರಿದುಕೊಂಡು ಬಂದ.

"ಮೇಡಂ, ಪೂಜೆ ಫಲ ನೋಡಿ. ಫೋನು ಹೊಚ್ಚ ಹೊಸದಾಗೋಗಿದೆ."

ಪರದೆಯ ಮೇಲೆ: ನಮಸ್ಕಾರ, ನಿಮ್ಮ ಭಾಷೆ ಆರಿಸಿ. ಡಬ್ಬದಿಂದ ಈಗ ತಾನೇ ತೆಗೆದ ಹಾಗೆ. ಪಕ್ಕದವರದೂ ಅದೇ. ಅದರ ಪಕ್ಕದ್ದೂ ಅದೇ. ಹದಿನಾಲ್ಕು ಫೋನು, ಹಣೆಯಲ್ಲಿ ಕುಂಕುಮ, ಹದಿನಾಲ್ಕರಲ್ಲೂ ನಮಸ್ಕಾರ.

ಮಂಗಳವಾರ ಮಧ್ಯಾಹ್ನದಿಂದ ಇವತ್ತು ಬೆಳಗಿನವರೆಗೆ ಲೆಕ್ಕ ಹಾಕಿದೆ. ಎರಡು ದಿನ ದಾಟಿ ಹೆಚ್ಚೂಕಡಿಮೆ ಒಂದು ದಿನ. ಏಳನ್ನು ಎರಡು ಮಾಡಿದ್ದು ನೆನಪಾಯಿತು, ಕೂತೆ.

ಬೇರೆಯವರದು ಒಂದೆರಡು ಫೋಟೊ ಹೋಯಿತು, ಅಷ್ಟೆ. ವಾರವಾರ ಕಳಿಸಿದ್ದರು. ಅನುಸೂಯಮ್ಮನವರದು ಪೂರ್ತಿ. 212.

ಅವರು ಫೋನು ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಮುಖ ಸಣ್ಣದಾಗಿತ್ತು. "ಗಂಧ ತೆಳ್ಳಗೆ ಹಚ್ಬೇಕಿತ್ತು. ಒಳಿಕ್ಕೆ ನೀರು ಇಳ್ದಿರ್ಬೇಕು. ಎಲ್ಲಾರ್ದೂ ನಾನೇ ಹಾಳು ಮಾಡ್ಬಿಟ್ಟೆ."

ಆಗಲೇ ಹೇಳಬೇಕಿತ್ತು. ಗಂಧ ಅಲ್ಲ, ನಾನು, ಎಂದು. ಹೇಳಲಿಲ್ಲ. ಸರ್ ಬಂದರು, ಗಲಾಟೆ, ಪ್ರಶ್ನೆ. "ನೋಡಿ ಹೇಳುತ್ತೇನೆ ಸರ್" ಎಂದುಬಿಟ್ಟೆ. ನೋಡುವುದೇನಿದೆ? ಬೇಲಿಯೇ ಎದ್ದು ಹೊಲ ಮೇಯ್ದಿದೆ. ಬೇಲಿ ಹಾಕಿದವಳು ನಾನು.

ಅಕ್ಟೋಬರ್ 7, ಮಂಗಳವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಬರೆಯಲು ಕೂತರೆ ನನಗೆ ನಾನೇ ಸಿಕ್ಕಿಬೀಳುತ್ತಿದ್ದೆ.

ಬೆಳಗ್ಗೆ ಸರ್ ಕರೆದರು. ಮೆಮೊ ಟೈಪ್ ಮಾಡಿ ಎಂದರು. ಅನುಸೂಯಮ್ಮನವರ ಹೆಸರಿಗೆ. ಮೂರು ವಾರದ ಕೆಲಸ ಆಫೀಸಿಗೆ ಕಳಿಸದೆ ಇಟ್ಟುಕೊಂಡದ್ದು, ಸಂಸ್ಥೆಯ ಉಪಕರಣಗಳಿಗೆ ದ್ರವ ಪದಾರ್ಥ ಲೇಪಿಸಿದ್ದು.

ದ್ರವ ಪದಾರ್ಥ. ಗಂಧಕ್ಕೆ.

ಟೈಪ್ ಮಾಡಲು ಕೂತೆ. 'ಶ್ರೀಮತಿ' ಎಂದು ಹೊಡೆದೆ, ಮುಂದಕ್ಕೆ ಬೆರಳು ಹೋಗಲಿಲ್ಲ. ಎದ್ದು ಹೋಗಿ ಸರ್ ಮುಂದೆ ನಿಂತೆ. ಏಳನ್ನು ಎರಡು ಮಾಡಿದ್ದು, ಯಾರಿಗೂ ತಿಳಿಸದಿದ್ದದ್ದು, ಹಗರೆಯಿಂದ ಕಳಿಸುವುದಕ್ಕೆ ನಾನೇ ಅಡ್ಡ ಹಾಕಿದ್ದು, ಎಲ್ಲ ಹೇಳಿದೆ. ನಿಲ್ಲಿಸದೆ ಹೇಳಿದೆ.

ಸರ್ ಗಡಿಯಾರ ನೋಡಲಿಲ್ಲ. ನನ್ನನ್ನೇ ನೋಡಿದರು.

"ನೀವು ಬಾಯಿ ಬಿಡದಿದ್ರೆ ನನಗೆ ಗೊತ್ತಾಗ್ತಿತ್ತೇನ್ರೀ?"

"ಇಲ್ಲ ಸರ್."

"ಹೆಡ್ ಆಫೀಸಿಗೆ ಏನಂತ ಬರೀತೀರಿ?"

"ಇದನ್ನೇ."

ಕ್ಯಾಲೆಂಡರಿನ ಕೊನೇ ಚೌಕದ ಮೇಲೆ ಬೆರಳಿಟ್ಟರು. "ಬರೀರಿ. ಆದ್ರೆ ಅವರು ತಾರೀಖು ಮುಂದಕ್ಕೆ ಹಾಕಲ್ಲ, ನಾನು ಬಲ್ಲೆ. 31ಕ್ಕೆ 212 ಆಗಿದ್ರೆ ಆಯಮ್ಮನ ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ತಪ್ಪು ಯಾರದ್ದಾದ್ರೂ ಹೋಗೋದು ಆಯಮ್ಮಂದೇ."

ಮೆಮೊ ಹೊಡೆಯಬೇಕಾಗಿ ಬರಲಿಲ್ಲ.

ಅಕ್ಟೋಬರ್ 8, ಬುಧವಾರ. ಹಗರೆ

ರಜೆ ಹಾಕಿ ಹಗರೆಗೆ ಹೋದೆ. ಅನುಸೂಯಮ್ಮನವರ ಮನೆ ಹುಡುಕುವ ಕಷ್ಟವೇ ಇರಲಿಲ್ಲ, ಬಸ್ಸಿಳಿದು ಹೆಸರು ಹೇಳಿದರೆ ನಾಲ್ಕು ಜನ ಕೈ ತೋರಿಸಿದರು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ಅಲ್ಲೇ ನಿಂತು ಹೇಳಿದೆ. ಕೂರಿಸಿ ಕಾಫಿ ಕೊಟ್ಟ ಮೇಲೆ ಹೇಳುವುದು ಇನ್ನೂ ಕಷ್ಟವಾಗುತ್ತಿತ್ತು.

ಬಾಚುವುದನ್ನು ನಿಲ್ಲಿಸಿದರು. ಬೈದರೆ ಸಾಕಿತ್ತು.

"ಐದು ದಿನ ಅನ್ನ ಸೇರಿಲ್ಲ ಕಣವ್ವ ನಂಗೆ" ಎಂದರು. "ಹದಿನಾಕು ಜನದ ಫೋನು ಕೆಡಿಸ್ದೋಳು ಅಂತ. ದೇವರ ಮುಂದೆ ತಪ್ಪು ಕಾಣಿಕೆ ಕಟ್ಟಿಟ್ಟಿವ್ನಿ. ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ನಿಲ್ಲ?"

"ಭಯ ಆಯ್ತು."

ಸೀರೆ ಸೆರಗಿನಲ್ಲಿ ಕೈ ಒರೆಸಿಕೊಂಡರು. ನನ್ನ ಮುಖ ನೋಡಿದರು. ಆಮೇಲೆ, ಯಾಕೋ, ನಗು ಬಂತು ಅವರಿಗೆ.

"ಭಯನಾ? ನಿಂಗಾ? ನಿನ್ನ ಫೋನ್ ಬಂದ್ರೆ ನಾವು ಹದಿನಾಕು ಜನ ನಡುಗ್ತೀವಿ, ನಿಂಗೇನು ಭಯ? ಆ ಶಶಿಕಿರಣ ಫೋನ್ ಕಳ್ಕೊಂಡು ಮೂರು ದಿನ ನಮ್ಮನೇಗೆ ದಿನಾ ಫೋನ್ ಮಾಡಿ ಅತ್ತವ್ನೆ, ಗೊತ್ತಾ?"

ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತಂತೆ, ನನಗೊಬ್ಬಳಿಗೆ ಬಿಟ್ಟು. ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪಿನಲ್ಲಿ ಹದಿನಾಲ್ಕು ಫೋನು ಕಾಣುತ್ತದೆ. ಹಿಡಿದುಕೊಂಡವರು ಕಾಣುವುದಿಲ್ಲ.

"ಅಳಬ್ಯಾಡ. ಮಾಡಿದ್ದುಣ್ಣೋ ಮಹರಾಯ ಅಂತ ಗಾದೆನೇ ಐತೆ. ನಾಳೆ ಬೆಳಿಗ್ಗೆ ಹಾಲು ಕರೆಯೋ ಹೊತ್ತಿಗೆ ಬಾ, ಮೊದ್ಲಿಂದ ಫೋಟೊ ಹಿಡಿಯನ. ಹೊತ್ತು ಹುಟ್ಟಿದ್ಮೇಲೆ ಹಸ ಮೇಯಕ್ಕೋಯ್ತವೆ. ಹಳೇ ಸೀರೆ ಉಟ್ಕೊಂಡು ಬಾ." ನನ್ನ ಹತ್ತಿರ ಹಳೇ ಸೀರೆ ಇಲ್ಲ ಎಂದೆ. ತಮ್ಮದೊಂದು ಕೊಟ್ಟರು.

ಅಕ್ಟೋಬರ್ 9

ಹನ್ನೊಂದು ಹಸು. ನೂರು ಹಸುವಿನ ದಣಿವು.

ಅಕ್ಟೋಬರ್ 13, ಸೋಮವಾರ

ದಿನಾ ಬೆಳಗ್ಗೆ ಐದೂವರೆಯಿಂದ ಎಂಟೂವರೆ ಹಗರೆ ಸುತ್ತಮುತ್ತ, ಆಮೇಲೆ ಆಫೀಸು. ಅಕ್ಕಪಕ್ಕ ಮಲಗುವುದು ಅನುಸೂಯಮ್ಮ ಮತ್ತು ನಾನು, ಅವರ ಮನೆ ನಡುಮನೆಯಲ್ಲಿ. ಆಫೀಸಿಗೆ ಹನ್ನೊಂದಕ್ಕೆ ಹೋದರೂ ಸರ್ ಏನೂ ಅನ್ನುವುದಿಲ್ಲ.

ಕಲಿತದ್ದು: ಹಸುವಿನ ಮೂಗು ಯಾವಾಗಲೂ ಬೆವರುತ್ತದೆ. ಹತ್ತಿ ಬಟ್ಟೆಯಲ್ಲಿ ಒರೆಸಬೇಕು, ಮತ್ತೆ ಹನಿಯೊಡೆಯುವ ಮೊದಲು, ಎಣಿಸಿ ನಾಲ್ಕೈದು ಸೆಕೆಂಡಿನಲ್ಲಿ, ಮೂರು ಫೋಟೊ. ಒರೆಸುವವರು ಒಬ್ಬರು, ಹಿಡಿಯುವವರು ಒಬ್ಬರು. ಇದನ್ನು ಅನುಸೂಯಮ್ಮ ಇಷ್ಟು ದಿನ ಒಬ್ಬರೇ ಮಾಡಿದ್ದಾರೆ. ನನಗೆ 212 ಒಂದು ಅಂಕಿ ಆಗಿತ್ತು. ಈಗ 212 ಮೂಗು.

ಎಮ್ಮೆಯೊಂದು ಕೆನ್ನೆ ನೆಕ್ಕಿತು. ಮರಳು ಕಾಗದ ತಿಕ್ಕಿದ ಹಾಗಿತ್ತು.

ನಿಯಮಗಳನ್ನೂ ತಿದ್ದಿದೆ. ಎರಡು ದಿನ ಮತ್ತೆ ಏಳಾಯಿತು. ಒರೆಸಿಕೊಳ್ಳುವ ಮೊದಲು ಫೋನು ಮೂರು ಸಲ ಎಚ್ಚರಿಸಬೇಕು, ನನಗೂ ಸುದ್ದಿ ಬರಬೇಕು. ಫೋಟೊ ಕಳಿಸಲು ಆಫೀಸಿಗೆ ಬರಬೇಕಿಲ್ಲ, ಆ ಫೋನಿನದೇ ಸಿಮ್‌ನಿಂದ ಎಲ್ಲಿಂದಾದರೂ ಹೋಗುತ್ತದೆ. ಬೇರೆಯವರ ವೈಫೈ ಮಾತ್ರ ಬೇಡ. ಮೆಮೊ ಎನ್ನುವ ಪದ ತೆಗೆದುಹಾಕಿದೆ. ಇದನ್ನೆಲ್ಲ ಯಾಕೆ ಮಾಡಿದೆ ಎಂದು ಹದಿನಾಲ್ಕು ಜನಕ್ಕೂ ಬರೆದೆ, ನನ್ನ ತಪ್ಪಿನ ಸಮೇತ. ಕಳಿಸಿದ ಮೇಲೆ ಹಗುರಾಯಿತು.

ಅರ್ಧ ಗಂಟೆಗೆ ಶಶಿಕಿರಣನ ಉತ್ತರ: "ಮೇಡಂ, ನಾಳೆ ನಾನೂ ಬರ್ತೀನಿ, ನನ್ನ ಬೈಕಿದೆ." ಮರುನಿಮಿಷ ಇನ್ನೊಂದು: "ನನ್ನ ಲಾಕ್ ನಂಬರ್ ಮತ್ತೆ ಮರೆತುಹೋಗಿದೆ. ಬೈಬೇಡಿ."

ಬೈಯಲಿಲ್ಲ. ನಕ್ಕೆ.

ಇವತ್ತಿಗೆ ಒಟ್ಟು 61.

ಅಕ್ಟೋಬರ್ 22, ಬುಧವಾರ. ಬಲಿಪಾಡ್ಯಮಿ

ಇವತ್ತು ಸೊನ್ನೆ. ಇವತ್ತು ಹಸುಗಳದೇ ಹಬ್ಬ ಎಂಬುದನ್ನು ಮರೆತು ಬೆಳಗಾಗೆದ್ದು ಹೋದೆವು. ಊರಿನ ಹಸುಗಳೆಲ್ಲ ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ, ಹಣೆಯಿಂದ ಮೂಗಿನ ತನಕ ಅರಿಶಿನ ಬಳಿಸಿಕೊಂಡು ನಿಂತಿವೆ. ಒರೆಸೋಣವೇ ಎಂದೆ. ಅನುಸೂಯಮ್ಮ ನೋಡಿದ ನೋಟಕ್ಕೆ ಬಟ್ಟೆ ಚೀಲಕ್ಕೆ ಹಾಕಿಕೊಂಡೆ.

ಅವರ ಸೊಸೆ ಹೇಮಾಶ್ರೀ ಕಡುಬು ಮಾಡಿದ್ದಳು. ಒಳಗೆ ಪಿಸುಗುಟ್ಟಿದಳು: "ಅತ್ತೆ ಲಾಕ್ ನಂಬರ್ ಬದಲಾಯಿಸವ್ರೆ ಅಕ್ಕ. ನಂಗೂ ಹೇಳ್ನಿಲ್ಲ. ಮುದ್ದಮ್ಮಂಗೂ ಹೇಳ್ನಿಲ್ಲ, ಅವರು ಮುನಿಸ್ಕೊಂಡವ್ರೆ."

ಇಪ್ಪತ್ತು ಸಲ ಹೇಳಿದಾಗ ಆಗದ್ದು ಹೇಗಾಯಿತು ಎಂದು ಅನುಸೂಯಮ್ಮನವರನ್ನೇ ಕೇಳಿದೆ. "ಅವಾಗ ಅದು ನಿನ್ನ ಫೋನು. ಈಗ ನನ್ನ ಹಸ ಅದ್ರೊಳಗೆ ಅವೆ" ಎಂದರು.

168.

ಅಕ್ಟೋಬರ್ 28, ಮಂಗಳವಾರ

211. ಒಂದು ಬಾಕಿ. ಊರ ತುದಿಯ ಸಿದ್ದಯ್ಯನವರ ಹಸು. ಹೆಸರು ಗೌರಿ, ಬುದ್ಧಿ ಬೇರೆ. ಮೂತಿಗೆ ಕೈ ಹೋದರೆ ತಲೆ ಬೀಸುತ್ತದೆ. ಶಶಿಕಿರಣನನ್ನು ಗೋಡೆಗೆ ಒತ್ತಿತು. ಅಂಗಿಯ ಎರಡು ಗುಂಡಿ ಹೋಯಿತು, ಮಾನ ಪೂರ್ತಿ ಹೋಯಿತು.

"ನಂಗೂ ಹಿಂಗೇ ಗುಮ್ತೈತೆ ಕಣಮ್ಮ" ಎಂದು ಸಿದ್ದಯ್ಯನವರು ಹೆಮ್ಮೆಯಿಂದ ಹೇಳಿದರು.

ಅಕ್ಟೋಬರ್ 30, ಗುರುವಾರ. ಸಂಜೆ 5.40. ಆಫೀಸು

ಮೊದಲಿನಿಂದ ಬರೆಯುತ್ತೇನೆ.

ನಾಲ್ಕು ಗಂಟೆಗೆ ಅನುಸೂಯಮ್ಮ ಫೋನ್ ಮಾಡಿದ್ದರು. ಗೌರಿಯ ಫೋಟೊ ಸಿಕ್ಕಿತು, ಮೂರಕ್ಕೆ ಮೂರೂ ಚೆನ್ನಾಗಿವೆ ಎಂದು. ಮೂರು ದಿನ ಹಿಂಡಿ ತಿನ್ನಿಸಿ ಒಲಿಸಿಕೊಂಡದ್ದು. ಇವತ್ತು ಅಲ್ಲಿ ಕರೆ ಹೋಗುತ್ತದೆ, ಫೋಟೊ ಹೋಗುವಷ್ಟು ನೆಟ್ ಇಲ್ಲ, ಬೇಲೂರಿಗೆ ಹೊರಟಿದ್ದೀನಿ, ದಾರಿಯಲ್ಲಿ ತಾನಾಗೇ ಹೋಗುತ್ತದೆ ಎಂದರು. ನಾನು ಲ್ಯಾಪ್‌ಟಾಪ್ ಮುಂದೆ ಕೂತು 211 ಎನ್ನುವ ಅಂಕಿಯನ್ನೇ ನೋಡುತ್ತಿದ್ದೆ. ಕೃಷ್ಣಪ್ಪನವರೂ ಬಂದು ನೋಡಿದರು. ಸರ್ ಎರಡು ಸಲ ಬಂದುಹೋದರು, ಸುಮ್ಮನೆ ನೀರು ಕುಡಿಯಲು ಬಂದವರ ಹಾಗೆ.

5.05ಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ.

"ಮೇಘವ್ವ, ನಾನು ಕಣವ್ವ. ಬೇಲೂರು ಬಸ್ ಸ್ಟ್ಯಾಂಡಲ್ಲಿ ಬಾಳೆಹಣ್ಣಿನೋರ ಫೋನಿಂದ ಮಾಡ್ತಿವ್ನಿ. ಫೋನು ಬಸ್ಸಲ್ಲೇ ಬಿಟ್ಟೆ. ಬಸ್ಸು ಅರೇಹಳ್ಳಿ ಕಡಿಕೆ ಹೋಯ್ತು. ಐದು ನಿಮಿಷ ಆಗೈತೆ."

ಲ್ಯಾಪ್‌ಟಾಪಿನಲ್ಲಿ ನೋಡಿದೆ. ಅಂಕಿ 211ರಲ್ಲೇ ಇತ್ತು. ಫೋನು ಎಲ್ಲಿದೆ ಎಂದು ತೋರಿಸುವ ಚುಕ್ಕಿ ಅರೇಹಳ್ಳಿ ದಾರಿಯಲ್ಲಿ ಓಡುತ್ತಿತ್ತು. ಚುಕ್ಕಿಗೆ ಸಾಕಾಗುವ ನೆಟ್ ಫೋಟೊಗೆ ಸಾಲುತ್ತಿರಲಿಲ್ಲ. ಆಫೀಸಿನ ಲ್ಯಾಂಡ್‌ಲೈನಿನಿಂದ ಆ ಫೋನಿಗೆ ಕರೆ ಮಾಡಿದೆ, ಯಾರೋ ಕಟ್ ಮಾಡಿದರು. ಮತ್ತೆ ಮಾಡಿದೆ, ಮತ್ತೆ ಕಟ್. ಪರದೆಯ ಮೂಲೆಯಲ್ಲಿ ಸೂಚನೆ ಬಂತು: ತಪ್ಪು ಲಾಕ್ ನಂಬರು, ನಾಲ್ಕು ಸಲ. ಐದು. ಯಾರೋ ಬಿಚ್ಚಲು ನೋಡುತ್ತಿದ್ದಾರೆ.

ಒರೆಸಿದರೆ ಗೌರಿ ಹೋಗುತ್ತಾಳೆ, ನಾಳೆ ಕೊನೇ ದಿನ. ಒರೆಸದೆ ಒಳ್ಳೆಯ ಸಿಗ್ನಲ್ಲಿಗೆ ಕಾದರೆ ಒಂದು ಫೋಟೊ ಬರಬಹುದು. ಅಷ್ಟರಲ್ಲಿ ಲಾಕ್ ಬಿಚ್ಚಿದರೆ 212 ಮನೆಯ ಆಧಾರ್, ಪಾಸ್‌ಬುಕ್ಕು ಅವರ ಕೈಯಲ್ಲಿ. ನಿಯಮ ನನಗೆ ಬಾಯಿಪಾಠ. ಆದರೂ ಕೆಂಪು ಬಟನ್ ಮೇಲೆ ಬೆರಳಿಟ್ಟುಕೊಂಡು ಕೂತೆ. ಒಂದು ಸಲ ಇವರ ಕೆಲಸವನ್ನು ಒರೆಸಿದವಳು ನಾನೇ. ಇನ್ನೊಂದು ಸಲ ಹೇಗೆ ಒತ್ತಲಿ?

"ಅನುಸೂಯಮ್ಮನೋರೆ, ಗೌರಿ ಫೋಟೊ ಇನ್ನೂ ಬಂದಿಲ್ಲ."

"ಗೊತ್ತು. ಒರಸ್ಬುಡವ್ವ."

"ನಿಮ್ಮ ಕೆಲಸ..."

"ನಂಬಿ ಕಾಗದ ಕೊಟ್ಟವ್ರೆ ಕಣವ್ವ ಜನ. ನಾಳಿಕೆ ಅವ್ರ ಮುಖ ಹೆಂಗೆ ನೋಡ್ಲಿ? ಒರಸು. ಗೌರಿ ಎಲ್ಲಿಗೋಯ್ತಳೆ, ಕೊಟ್ಟಿಗೇಲೇ ಅವ್ಳೆ. ಬೆಳಿಗ್ಗೆ ಬಾ."

ಒತ್ತಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: ಪೂರ್ತಿ ಒರೆಸಲಾಗಿದೆ. ಚುಕ್ಕಿ ಮಾಯ.

ಸರ್ ಹಿಂದೆ ನಿಂತಿದ್ದರು, ಯಾವಾಗ ಬಂದರೋ. ಬೀರು ತೆಗೆದು ಆಫೀಸಿನ ಹೆಚ್ಚುವರಿ ಫೋನು ಕೈಗೆ ಕೊಟ್ಟರು. "ಹೆಡ್ ಆಫೀಸಿನವರು ನಾಳೆ ಮಧ್ಯಾಹ್ನ ಎರಡರವರೆಗೆ ತಗೋತಾರೆ, ಕೇಳಿದ್ದೀನಿ. ನಾನು ಸ್ಕೂಟರ್ ತರಲಾ?" ಎಂದರು. ಸರ್, ಹಗರೆಗೆ, ಸ್ಕೂಟರಿನಲ್ಲಿ. ಬೇಡ ಸರ್, ಶಶಿಕಿರಣ ಬೇಲೂರಿನಿಂದ ಬರುತ್ತಾನೆ ಎಂದೆ. ಅವನಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಈಗ ನನಗೂ ಎಲ್ಲ ಗೊತ್ತಾಗುತ್ತದೆ.

ಅಕ್ಟೋಬರ್ 31, ಶುಕ್ರವಾರ. ಬೆಳಗ್ಗೆ 6.10. ಸಿದ್ದಯ್ಯನವರ ಜಗಲಿ

ಹಾಲು ಕರೆದಾಯಿತು. ಗೌರಿಗೆ ಬೆಳಗಿನ ಹಿಂಡಿ ಇಟ್ಟಿದ್ದಾರೆ. ಅದು ತಿಂದು ಸಮಾಧಾನವಾಗುವವರೆಗೆ ಯಾರೂ ಹತ್ತಿರ ಹೋಗಬಾರದು ಎಂದು ಅಪ್ಪಣೆ. ಶಶಿಕಿರಣ ರಸ್ತೆಯಾಚೆ ನಿಂತಿದ್ದಾನೆ, ಹೊಸ ಅಂಗಿಯಂತೆ. ಜಗಲಿಯ ಮೇಲೆ ಸಿಗ್ನಲ್ ಇಲ್ಲ, ಬೇವಿನ ಮರದ ಹತ್ತಿರ ಇವತ್ತು ನೆಟ್ ಎರಡು ಕಡ್ಡಿ ಬರುತ್ತಿದೆ. ಫೋಟೊ ಹಿಡಿದು ಓಡಬೇಕಾದದ್ದು ಅಲ್ಲಿಗೆ.

ನಿನ್ನೆ ರಾತ್ರಿ ಬಸ್ಸಿನಲ್ಲಿ ಬರುವಾಗ ಹೆಡ್ ಆಫೀಸಿನ ತಿಂಗಳ ವರದಿ ತುಂಬುತ್ತಿದ್ದೆ. ಕಳೆದುಹೋದ ಫೋನು: ಒಂದು. ತಿಳಿಸಲು ಹಿಡಿದ ಸಮಯ: ಐದು ನಿಮಿಷ. ಬರೆದು ಸುಮ್ಮನೆ ಅದನ್ನೇ ನೋಡಿದೆ. ಒಂದೇ ಹಸು ಬಾಕಿ, ಒಂದೇ ದಿನ ಬಾಕಿ, ಕೆಲಸ ಅದರ ಮೇಲೆ ನಿಂತಿದೆ. ಸಿಗ್ನಲ್ ಸಿಗಲಿ ಎಂದು ಒಂದರ್ಧ ಗಂಟೆ ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅನುಸೂಯಮ್ಮ ಬಾಳೆಹಣ್ಣಿನವರ ಫೋನು ಇಸಿದುಕೊಂಡು ಮೊದಲು ನನಗೆ ಮಾಡಿದರು. ಅಮ್ಮನಿಗೆ ಹೇಳಬೇಕು ಎನ್ನಿಸಿತು. ಅಳು ಬಂತು, ಬಸ್ಸಿನಲ್ಲಿ, ಟಿಕೆಟ್ ಕೇಳಲು ಬಂದ ಕಂಡಕ್ಟರ್ ಮುಂದೆಯೇ. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಅನುಸೂಯಮ್ಮ ಕೊಟ್ಟಿಗೆಯಿಂದ ಕೈ ಮಾಡುತ್ತಿದ್ದಾರೆ. ಗೌರಿ ತಲೆ ಎತ್ತಿ ನಿಂತಿದೆ, ಬೀಸುತ್ತಿಲ್ಲ. "ಬಾ ಮಗಾ, ಮೂಗು ಒರಸ್ದೆ." ಹನಿಯೊಡೆಯುವುದರೊಳಗೆ ಹಿಡಿಯಬೇಕು. ಹೊರಟೆ.